ಅಜ್ಜ-ಅಜ್ಜಿಯರ ಮಾತ್ರೆ ರಿವ್ಯೂ: ಮನೆಮನೆಗೆ ಹೋಗಿ ಮಾಡ್ತಿರೋ ನನ್ನ ಅನುಭವ

"ಮಾತ್ರೆ ಕಮ್ಮಿ ಮಾಡ್ಸೋಕೆ ಹೊರಟಿದೀಯಲ್ಲ ಮಾರಾಯ, ಅಂಗಡಿಗೆ ಬೀಗ ಹಾಕೋ ಪ್ಲಾನಾ" ಅಂತ ನಮ್ಮ ಲೈನ್‌ನ ಸೀನಿಯರ್‌ಗಳು ನಕ್ಕಿದ್ರು. ಶಿವಮೊಗ್ಗದಲ್ಲಿ ನನ್ನ ಮೆಡಿಕಲ್ ಶಾಪ್ ಇನ್ನೂ ತೆಗ್ದೇ ಇದೆ, ರಿವ್ಯೂ (ಅಂದ್ರೆ ವಯಸ್ಸಾದೋರು ನುಂಗೋ ಎಲ್ಲಾ ಮಾತ್ರೆ ಒಟ್ಟಿಗೆ ನೋಡಿ, ತೊಂದ್ರೆ ಕೊಡೋದನ್ನ ಹುಡುಕಿ ಡಾಕ್ಟ್ರಿಗೆ ತಿಳಿಸೋದು) ಲಿಸ್ಟಲ್ಲಿ ಈಗ ನಲವತ್ತರ ಹತ್ರ ಮನೆ ಇದಾವೆ, ಅದ್ಕೇ ಬರೀತಿದೀನಿ.

ಮೊದ್ಲು ಅಂಗಡೀಲೇ ಕೂತು ಡಾಕ್ಟ್ರ ಚೀಟಿ ನೋಡಿ ಮಾಡೋಕೆ ಹೋದೆ, ಉಪಯೋಗ ಇಲ್ಲ. ಚೀಟೀಲಿ ಇರೋದು ಒಂದು, ಹೊಟ್ಟೆಗೆ ಹೋಗೋದು ಇನ್ನೊಂದು. ಆಮೇಲೆ ಎಲ್ಲಾ ಚೀಲಕ್ಕೆ ಹಾಕ್ಕೊಂಡು ಬನ್ನಿ ಅಂದೆ, ಬಿಪಿ ಶುಗರ್ ಮಾತ್ರೆ ತಂದ್ರು, ನಿದ್ದೆ ಮಾತ್ರೆ, ಮಂಡಿನೋವಿನ ಮಾತ್ರೆ, ಲೇಹ್ಯ ಮನೇಲೇ ಉಳೀತು. ಮನೆಗೇ ಹೋಗ್ಬೇಕು ಕಣ್ರೀ. ಫ್ರಿಜ್ ಬಾಗಿಲು, ದೇವರಮನೆ, ದಿಂಬಿನ ಕೆಳಗೆ, ಟಿವಿ ಮೇಲೆ, ಎಲ್ಲಾ ಕಡೆಯಿಂದ ತಂದು ಚಾಪೆ ಮೇಲೆ ಸುರೀಬೇಕು. ಒಂದು ಮನೇಲಿ ಟೆಲ್ಮಿಸಾರ್ಟನ್ ಅನ್ನೋ ಬಿಪಿ ಮಾತ್ರೆ ಜನೌಷಧಿದು ಬೆಳಿಗ್ಗೆ, ಅದೇ ಟೆಲ್ಮಿಸಾರ್ಟನ್ ಬೇರೆ ಬ್ರ್ಯಾಂಡ್ ರಾತ್ರಿ, ಅಜ್ಜಂಗೆ ಎರಡೂ ಬೇರೆ ಬೇರೆ ಕಾಯಿಲೆಗೆ ಅಂತ ಲೆಕ್ಕ. ಥೈರಾಯ್ಡ್ ಮಾತ್ರೆ ಜೊತೇಲೇ ಕ್ಯಾಲ್ಸಿಯಂ ನುಂಗೋದಂತೂ ಮನೆಮನೇಲೂ ಇದೆ, ನಾಲ್ಕು ಗಂಟೆ ಗ್ಯಾಪ್ ಕೊಡಿಸಿದ್ರೆ ಅದೊಂದು ಮುಗೀತು.

ದುಡ್ಡು ಕಳ್ಕೊಂಡಿದ್ದು ವಾರದ ಪಿಲ್ ಬಾಕ್ಸಲ್ಲಿ. ಐದಾರು ಸಾವಿರ ಹಾಕಿ ತರಿಸಿದ್ದೆ. ನಮ್ಮ ಕಡೆ ಮಳೆಗಾಲ ಗೊತ್ತಲ್ಲ, ಸ್ಟ್ರಿಪ್ಪಿಂದ ಬಿಡಿಸಿಟ್ಟ ವಾಲ್ಪ್ರೋಯೇಟ್ (ಫಿಟ್ಸ್ ಮಾತ್ರೆ) ಬೆವತು ಖಾನೆಗೇ ಅಂಟ್ಕೊಂಡಿತ್ತು. ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನೋಡಿದೆ, ಒಬ್ರು ಅಜ್ಜ ಆ ಪೊಟ್ಟಣ ಹರಿದು ನೀರಿಗೆ ಕಲಸ್ಕೊಳೋಕೆ ಹೊರಟಿದ್ರಂತೆ, ಅವತ್ತಿಗೆ ಬಿಟ್ಟೆ. ಇನ್ನೊಂದು ಬಾಕ್ಸಲ್ಲಿ ಈಗ ಅಡಿಕೆ ಚೂರು ಇದೆ. ಕೊನೆಗೆ ಗೆದ್ದಿದ್ದು ರಬ್ಬರ್ ಬ್ಯಾಂಡ್! ಬೆಳಗಿನ ಸ್ಟ್ರಿಪ್‌ಗೆ ಹಳದಿ, ರಾತ್ರೀದಕ್ಕೆ ನೀಲಿ, ಎರಡು ಸ್ಟೀಲ್ ಡಬ್ಬಿ, ಖರ್ಚು ಮನೆಗೆ ಇಪ್ಪತ್ತು ರೂಪಾಯಿ ಬರಲ್ಲ.

ಊರೆಲ್ಲಾ ನಂಬೋ ಹಾಗಾಗಿದ್ದು ಒಬ್ರು ಎಂಬತ್ತರ ಹತ್ರದ ಅಜ್ಜಿ ಕೇಸಿಂದ. ಅಮ್ಲೋಡಿಪಿನ್ 10 ಅನ್ನೋ ಬಿಪಿ ಮಾತ್ರೆ ತಗೊಂಡು ಕಾಲು ಊದಿತ್ತು, ಅದನ್ನ ನೋಡಿ ಬೇರೆ ಡಾಕ್ಟ್ರು ಮೂತ್ರ ಜಾಸ್ತಿ ಮಾಡೋ ನೀರಿನ ಮಾತ್ರೆ ಬರೆದಿದ್ರು, ಅದ್ರಿಂದ ರಾತ್ರಿ ಮೂರ್ನಾಲ್ಕು ಸಲ ಎದ್ದು ಬಚ್ಚಲಿಗೆ, ಕತ್ತಲಲ್ಲಿ ಬಿದ್ದು ಸೊಂಟ ನೋವು, ಅದಕ್ಕೆ ಡೈಕ್ಲೋಫೆನಾಕ್. ಇದ್ರ ಮೇಲೆ ಟೆಲ್ಮಿಸಾರ್ಟನ್ ಬೇರೆ, ನೀರಿನ ಮಾತ್ರೆ, ನೋವಿನ ಮಾತ್ರೆ, ಇದು ಮೂರೂ ಸೇರಿದ್ರೆ ಕಿಡ್ನಿ ಗತಿ ನೀವೇ ಯೋಚ್ನೆ ಮಾಡಿ. ನಾನು ಮಲಗಿಸಿ ಬಿಪಿ ನೋಡಿದೆ, ಆಮೇಲೆ ಎಬ್ಬಿಸಿ ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ನೋಡಿದೆ. 140 ಚಿಲ್ಲರೆ ಇದ್ದಿದ್ದು 110ರ ಹತ್ರ ಇಳೀತು. ಎದ್ದು ನಿಂತಾಗ ಬಿಪಿಯ ಮೇಲಿನ ನಂಬರು 20 ಇಳಿದ್ರೇ ಹುಷಾರಾಗ್ಬೇಕು, ಇದು 30.

ಯಾವ್ದನ್ನೂ ನಾನೇ ನಿಲ್ಲಿಸಲ್ಲ, ನೀವೂ ಆ ಕೆಲಸಕ್ಕೆ ಕೈ ಹಾಕ್ಬೇಡಿ. ಒಂದೇ ಹಾಳೇಲಿ ಬರೆದು ಡಾಕ್ಟ್ರಿಗೆ ಕಳಿಸಿದೆ. ಅವ್ರು ಅಮ್ಲೋಡಿಪಿನ್ ಅರ್ಧಕ್ಕೆ ಇಳಿಸಿ ನೀರಿನ ಮಾತ್ರೆ, ನೋವಿನ ಮಾತ್ರೆ ಎರಡನ್ನೂ ತೆಗೆದ್ರು, ನೋವಿಗೆ ಪ್ಯಾರಸಿಟಮಾಲ್ ಸಾಕು ಅಂದ್ರು. ಎರಡು ಮೂರು ವಾರದಲ್ಲಿ ಊತ ಇಳಿದು ಅಜ್ಜಿ ಕಾಲ್ಗೆಜ್ಜೆ ಮತ್ತೆ ಹಾಕ್ಕೊಂಡ್ರು. ಮೊದ್ಲು ಬೇರೆ ಡಾಕ್ಟ್ರುಗಳು "ನೀನ್ಯಾರಯ್ಯಾ ಹೇಳೋಕೆ" ಅಂತ ಹಾಳೆ ವಾಪಸ್ ಎಸೆದಿದ್ದೂ ಉಂಟು. ಈಗ ಯಾರೂ ಎಸೆಯಲ್ಲ, ಆ ಹಾಳೆಯ ಮೊದಲ ಸಾಲು ಹೇಗೆ ಬರೀತೀನಿ ಅನ್ನೋದ್ರಲ್ಲಿದೆ ಎಲ್ಲಾ, ಅದನ್ನ ಇಲ್ಲಿ ಹೇಳಲ್ಲ, ಹೊಟ್ಟೆಪಾಡು ಸ್ವಾಮಿ.

ಫೀಸ್ ವಿಷಯ. ಫ್ರೀ ಮಾಡಿದಾಗ ಕಾಫಿ ಕೊಟ್ಟು ಕಳಿಸ್ತಿದ್ರು, ಹೇಳಿದ್ದು ಒಂದೂ ಮಾಡ್ತಿರ್ಲಿಲ್ಲ. ಮೊದಲ ಸಲಕ್ಕೆ 400, ಆಮೇಲೆ ಮೂರು ತಿಂಗಳಿಗೊಮ್ಮೆ 250 ಅಂದ್ಮೇಲೆ ಕೇಳೋಕೆ ಶುರು ಮಾಡಿದ್ರು, ಮಗ ಬೆಂಗಳೂರಿಂದಲೋ ದುಬೈಯಿಂದಲೋ ಕಳಿಸ್ತಾನೆ. ಒಂದೊಂದು ಮನೆ ಬಿಲ್ಲು ಕಮ್ಮಿ ಆಯ್ತು ನಿಜ, ಆದ್ರೆ ಆನ್‌ಲೈನಲ್ಲಿ ತರಿಸ್ಕೋತಿದ್ದೋರು ಪೂರ್ತಿ ನನ್ನ ಹತ್ರ ಬಂದ್ರು. ಡಿಸ್ಕೌಂಟ್ ಕೇಳೋದು ಮಾತ್ರ ಬಿಟ್ಟಿಲ್ಲ.