ಬೇಗಂ ತಲಾಬಿನ ಹಳೆಯ ದಂಡೆ ಹುಡುಕುವ ಬಗೆ

ಅಪ್ಪ ಎಮ್ಮೆ ಮೈ ತೊಳೆಯುತ್ತಿದ್ದ ಜಾಗ ಎಲ್ಲಿತ್ತೆಂದು ನೋಡಬೇಕಿತ್ತು, ಅದಕ್ಕೇ ನಕಾಶೆ ಹಿಡಿದು ಕೂತೆ. 1651ರಲ್ಲಿ ಮೊಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಕೆರೆಯಿದು. ಮಣ್ಣಿನ ಕೊಳವೆಗಳಲ್ಲಿ ವಿಜಯಪುರಕ್ಕೆ ನೀರುಣಿಸಿತ್ತು.

ಮೊದಲು ಸರ್ವೆ ಆಫ್ ಇಂಡಿಯಾದ ಹಾಳೆಗಳನ್ನು ಕೂಡಿಸಿ. ನಮ್ಮೂರು 47ಪಿ ಹಾಳೆಯಲ್ಲಿದೆ. ಹಳೆಯವು ಇಂಚಿಗೊಂದು ಮೈಲಿ, ಅಂದರೆ 1:63,360, ನಂತರದವು 1:50,000. ಸ್ಕ್ಯಾನ್ ಮಾಡಿ ಕ್ಯೂಜಿಐಎಸ್ ಎಂಬ ಉಚಿತ ನಕಾಶೆ ತಂತ್ರಾಂಶದ ಜಿಯೋರೆಫರೆನ್ಸರ್‌ಗೆ ಹಾಕಿ; ಅದು ಹಳೆಯ ಹಾಳೆಯನ್ನು ಇಂದಿನ ನೆಲದ ಅಕ್ಷಾಂಶ-ರೇಖಾಂಶಕ್ಕೆ ಕೂಡಿಸುತ್ತದೆ.

ಎಲ್ಲ ನಿಂತಿರುವುದು ಗುರುತಿನ ಬಿಂದುಗಳ ಮೇಲೆ, ಅಂದರೆ ಹಳೆಯ ಹಾಳೆಯಲ್ಲೂ ಇಂದಿನ ನಕಾಶೆಯಲ್ಲೂ ಸಿಗುವ ಒಂದೇ ಜಾಗಗಳ ಮೇಲೆ. ಕೆರೆಯ ಅಂಚನ್ನು ಎಂದೂ ಆರಿಸಬೇಡಿ, ನೀರು ಋತುವಿಗೊಮ್ಮೆ ಸರಿಯುತ್ತದೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಉಪ್ಪಲಿ ಬುರುಜು ಅಲುಗುವುದಿಲ್ಲ. ಇಂಥ ಭಾಗ್ಯ ಎಷ್ಟು ಊರಿಗಿದೆ ಹೇಳಿ! ಕೆರೆಯ ದಕ್ಷಿಣಕ್ಕೂ ಒಂದೆರಡು ಹಳೆಯ ಗುರುತು ಹಿಡಿಯಿರಿ, ಇಲ್ಲದಿದ್ದರೆ ಆ ಬದಿ ಹಾಳೆ ಸೊಟ್ಟಗಾಗುತ್ತದೆ.

ಬಣ್ಣ ಓದಿ: ನೀಲಿ ನೀರು, ಹಳದಿ ಹೊಲ, ಕೆಂಪು ಮನೆ-ರಸ್ತೆ, ಒಣ ಹಳ್ಳ ಕಪ್ಪು. ಹಳದಿಯೊಳಗೆ ಕೆಂಪು ಹಬ್ಬಿದಲ್ಲಿ ಬಡಾವಣೆ ಬೆಳೆದಿದೆ. ಅಂಚಿನಲ್ಲಿ ಸರ್ವೆಯ ವರ್ಷ ನೋಡಿ, ಅಚ್ಚಾದ ವರ್ಷವನ್ನಲ್ಲ. ಇಂಚಿನ ನಕಾಶೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 63 ಮೀಟರ್. ಹತ್ತಿಪ್ಪತ್ತು ಮೀಟರಿನ ವ್ಯತ್ಯಾಸವನ್ನು ಒತ್ತುವರಿ ಎನ್ನಬೇಡಿ.

ಕೊನೆಗೆ ಮಳೆಗಾಲ ಮುಗಿದ ಮೇಲೆ ಮೊಬೈಲ್ ಹಿಡಿದು ಹಳೆಯ ಹಾಳೆಯ ನೀಲಿ ಅಂಚಿನ ಗೆರೆಯ ಗುಂಟ ನಡೆಯಿರಿ. ಆಪು ಎಂಬ ಜೌಗಿನ ಹುಲ್ಲು ಬೆಳೆದಿದ್ದರೆ ಒದ್ದೆ ನೆಲ ಇನ್ನೂ ಉಳಿದಿದೆ.