ಬಂದ ಪುಟ್ಟ ಹೋದ ಪುಟ್ಟ ಬೇಡ: ವೆನಿಸ್‌ಗೆ ಹೊರೆಯಾಗದೆ ಹೋಗಿ ಬರುವುದು ಹೇಗೆ?

ಯಾವುದಾದರೂ ಯುರೋಪ್ ಪ್ಯಾಕೇಜ್ ಟೂರಿನ ಪಟ್ಟಿ ತೆಗೆದು ನೋಡಿ. ಹತ್ತು ದಿನ, ಆರೇಳು ದೇಶ. ಅದರಲ್ಲಿ ವೆನಿಸ್ ಪಾಲಿಗೆ ಬರುವುದು ಹೆಚ್ಚೆಂದರೆ ಅರ್ಧ ದಿನ. ಬಸ್ಸಿನಿಂದ ಇಳಿದು ದೋಣಿ ಹತ್ತುವುದು, ಸಾನ್ ಮಾರ್ಕೊ ಚೌಕದಲ್ಲಿ ಫೋಟೊ, ಒಂದು ಗಾಜಿನ ಅಂಗಡಿ, ಮತ್ತೆ ಬಸ್ಸು. ನಾನು ಮೊದಲ ಸಲ ಆ ಊರು ನೋಡಿದ್ದು ಹೀಗೇ. ನಾಲ್ಕು ಗಂಟೆ ಇದ್ದೆವು. ಮುಂದೆ ನಡೆಯುತ್ತಿದ್ದವರ ಬೆನ್ನು ಬಿಟ್ಟರೆ ಜಾಸ್ತಿ ಏನೂ ನೆನಪಿಲ್ಲ.

ಎರಡನೇ ಸಲ ಮೂರು ರಾತ್ರಿ ಉಳಿದೆ. ಸಂಜೆ ಗುಂಪುಗಳೆಲ್ಲ ಹೊರಟ ಮೇಲೆ ಮನೆಯ ಮುಂದಿನ ಬಯಲಿಗೆ ಮಕ್ಕಳು ಚೆಂಡು ತಂದರು. ಅಜ್ಜಿಯೊಬ್ಬರು ತರಕಾರಿ ತುಂಬಿದ ಗಾಲಿ ಚೀಲವನ್ನು ಒಂದೊಂದೇ ಮೆಟ್ಟಿಲು ಎಳೆದುಕೊಂಡು ಸೇತುವೆ ದಾಟಿದರು. ಬೆಳಿಗ್ಗೆ ನಮ್ಮಂಥವರ ನಡುವೆ ನುಸುಳಿಕೊಂಡು ಅವರು ಹೇಗೆ ಸಂತೆಗೆ ಹೋದರೋ ಎಂದು ಯೋಚಿಸಿದೆ.

ಅಂಥವರು ಅಲ್ಲಿ ಕಡಿಮೆಯಾಗುತ್ತಿದ್ದಾರೆ. 1950ರ ದಶಕದ ಆರಂಭದಲ್ಲಿ ವೆನಿಸ್‌ನ ಹಳೆ ಊರಿನಲ್ಲಿ ಸುಮಾರು 1,75,000 ಜನ ಇದ್ದರು. ಈಗ 50,000ಕ್ಕೂ ಕಡಿಮೆ. ರಿಯಾಲ್ಟೊ ಸೇತುವೆ ಹತ್ತಿರದ ಒಂದು ಔಷಧಿ ಅಂಗಡಿಯವರು ಊರಲ್ಲಿ ಉಳಿದವರ ಸಂಖ್ಯೆಯನ್ನು 2008ರಿಂದ ತಮ್ಮ ಕಿಟಕಿಯಲ್ಲೇ ತೋರಿಸುತ್ತಿದ್ದಾರೆ. 2023ರಲ್ಲಿ ಸ್ಥಳೀಯ ಸಂಘಟನೆಗಳು ಲೆಕ್ಕ ಹಾಕಿದಾಗ ಪ್ರವಾಸಿಗಳಿಗಾಗಿ ಇಟ್ಟ ಹಾಸಿಗೆಗಳು ಊರಿನ ನಿವಾಸಿಗಳ ಸಂಖ್ಯೆಯನ್ನೇ ಮೀರಿದ್ದವು. ಒಂದು ಮನೆಯನ್ನು ಸಂಸಾರಕ್ಕೆ ಕೊಡುವುದಕ್ಕಿಂತ ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ದುಡ್ಡು ಜಾಸ್ತಿ. ಬಾಡಿಗೆದಾರರು ಊರು ಬಿಡುತ್ತಾರೆ. ಗಿರಾಕಿ ಹೋದ ಮೇಲೆ ದಿನಸಿ ಅಂಗಡಿ ಮುಚ್ಚುತ್ತದೆ, ಅದೇ ಜಾಗದಲ್ಲಿ ಪ್ರವಾಸಿಗಳಿಗೆ ಮುಖವಾಡ ಮಾರುವ ಅಂಗಡಿ ತೆರೆಯುತ್ತದೆ.

ಹಾಗಂತ ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ಹೋಗುವ ರೀತಿ ಬದಲಾಯಿಸಿಕೊಳ್ಳಬಹುದು. ಅದನ್ನು ಟಿಕೆಟ್ ತೆಗೆಯುವ ಮೊದಲೇ ಶುರು ಮಾಡಬೇಕು.

ಹೆಜ್ಜೆ 1: ದೇಶಗಳನ್ನು ಕಡಿಮೆ ಮಾಡಿ

ಬೆಂಗಳೂರಿನಿಂದ ಯುರೋಪಿಗೆ ಹೋಗಿ ಬರುವ ವಿಮಾನದಿಂದಲೇ ಒಬ್ಬರ ಲೆಕ್ಕಕ್ಕೆ ಒಂದು ಟನ್‌ಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಆಮೇಲೆ ಹೋಟೆಲಿನಲ್ಲಿ ಟವೆಲ್ ಎರಡು ದಿನ ಬಳಸಿದರೆ ಅದು ಸರಿಹೋಗುವುದಿಲ್ಲ. ಅಷ್ಟು ದೂರ ಹಾರಿದ ಮೇಲೆ ಒಂದು ದೇಶ ಅಥವಾ ಎರಡು ದೇಶದಲ್ಲಿ ನಿಧಾನವಾಗಿ ಇರುವುದು ಉತ್ತಮ. ಎರಡು ವರ್ಷಕ್ಕೊಮ್ಮೆ ಒಂದು ವಾರ ಹೋಗುವ ಬದಲು ನಾಲ್ಕು ವರ್ಷಕ್ಕೊಮ್ಮೆ ಎರಡು ವಾರ ಹೋಗಿ. ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಹಾಗಾಗಿ ಯೋಚನೆ ಮಾಡಲು ಸಮಯ ಇದ್ದೇ ಇರುತ್ತದೆ.

ಹೆಜ್ಜೆ 2: ದಿನ ನೋಡಿ ಹೊರಡಿ

ವೆನಿಸ್ 2024ರ ಏಪ್ರಿಲ್ 25ರಿಂದ ಹಗಲು ಪ್ರವಾಸಿಗಳಿಗೆ ಪ್ರವೇಶ ಶುಲ್ಕ ಶುರು ಮಾಡಿತು. ಆ ವರ್ಷ 29 ದಿನ, ತಲೆಗೆ 5 ಯೂರೋ. 2025ರಲ್ಲಿ ದಿನಗಳನ್ನು 54ಕ್ಕೆ ಏರಿಸಿದರು. ನಾಲ್ಕು ದಿನ ಮೊದಲೇ ಕಟ್ಟಿದವರಿಗೆ 5 ಯೂರೋ, ತಡ ಮಾಡಿದವರಿಗೆ 10 ಯೂರೋ. ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಊರೊಳಗೆ ಬರುವವರಿಗೆ ಇದು ಅನ್ವಯ. 14 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಪ್ರತಿ ವರ್ಷದ ದಿನಗಳ ಪಟ್ಟಿಯನ್ನು ನಗರಾಡಳಿತ ಪ್ರಕಟಿಸುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ.

ಈ ಶುಲ್ಕದಿಂದ ಜನ ಕಡಿಮೆಯಾಗುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಅಷ್ಟು ದೂರ ಬಂದವರು ಐದು ಯೂರೋಗೆ ಹಿಂದೆ ಸರಿಯುತ್ತಾರಾ? ಆದರೆ ಆ ಪಟ್ಟಿಯಿಂದ ನಮಗೊಂದು ಉಪಯೋಗ ಇದೆ. ಯಾವ ದಿನ ಊರು ತುಂಬಿ ತುಳುಕುತ್ತದೆ ಎಂದು ಊರಿನವರೇ ಬರೆದುಕೊಟ್ಟ ಹಾಗೆ ಅದು. ಪಟ್ಟಿಯಲ್ಲಿ ಬಹುಪಾಲು ಏಪ್ರಿಲ್‌ನಿಂದ ಜುಲೈವರೆಗಿನ ಶುಕ್ರವಾರ, ಶನಿವಾರ, ಭಾನುವಾರಗಳೇ ಇವೆ. ನಮ್ಮ ಮಕ್ಕಳ ಬೇಸಿಗೆ ರಜೆ ಸರಿಯಾಗಿ ಅಲ್ಲೇ ಬೀಳುತ್ತದೆ ಅಲ್ವಾ? ಆಗಲೇ ಹೋಗಬೇಕಾದರೆ ಸೋಮವಾರದಿಂದ ಗುರುವಾರದ ನಡುವೆ ವೆನಿಸ್ ಇಟ್ಟುಕೊಳ್ಳಿ. ಶಾಲೆಯ ಕಟ್ಟುಪಾಡು ಇಲ್ಲದವರು ನವೆಂಬರ್‌ನಲ್ಲಿ ಹೋಗಬಹುದು. ಚಳಿ ಇರುತ್ತದೆ, ಮಂಜು ಇರುತ್ತದೆ, ಕೆಲವೊಮ್ಮೆ ಸಮುದ್ರ ಉಕ್ಕುತ್ತದೆ. ಆದರೆ 2020ರಿಂದ ದೊಡ್ಡ ಉಬ್ಬರ ಬರುವಾಗ ಕೊಲ್ಲಿಯ ಬಾಯಿಗೆ ಉಕ್ಕಿನ ತಡೆಗೋಡೆಗಳನ್ನು ಎತ್ತುತ್ತಿದ್ದಾರೆ, ಮೊದಲಿನಷ್ಟು ಭಯ ಇಲ್ಲ.

ಹೆಜ್ಜೆ 3: ರಾತ್ರಿ ಅಲ್ಲೇ ಉಳಿಯಿರಿ

ಇಡೀ ಲೇಖನದಲ್ಲಿ ಒಂದೇ ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ. ವೆನಿಸ್‌ಗೆ ಬರುವವರಲ್ಲಿ ಬಹುಪಾಲು ಜನ ಬೆಳಿಗ್ಗೆ ಬಂದು ಸಂಜೆ ಹೋಗುವವರು. ಅವರೆಲ್ಲ ಅದೇ ಆರೇಳು ಗಂಟೆಯಲ್ಲಿ, ಅದೇ ಎರಡು ಮೂರು ಗಲ್ಲಿಗಳಲ್ಲಿ, ರೈಲು ನಿಲ್ದಾಣದಿಂದ ರಿಯಾಲ್ಟೊ, ರಿಯಾಲ್ಟೊದಿಂದ ಸಾನ್ ಮಾರ್ಕೊ ಅಂತ ನಡೆಯುತ್ತಾರೆ. ಊರಿಗೆ ಬಿಟ್ಟುಹೋಗುವ ದುಡ್ಡು ಕಡಿಮೆ, ಕಸ ಜಾಸ್ತಿ. ಆ ಊರಿನಲ್ಲಿ ಲಾರಿ ಇಲ್ಲ. ಪೌರಕಾರ್ಮಿಕರು ಕೈಗಾಡಿ ತಳ್ಳಿಕೊಂಡು ಸೇತುವೆ ಹತ್ತಿ ಇಳಿದು ಕಸವನ್ನು ದೋಣಿಗೆ ಸುರಿಯಬೇಕು. ನೀವು ಎಸೆದ ಪ್ರತಿ ಬಾಟಲಿಯನ್ನೂ ಒಬ್ಬ ಮನುಷ್ಯ ಕೈಯಾರೆ ಹೊತ್ತು ದಾಟಿಸುತ್ತಾನೆ.

ರಾತ್ರಿ ಉಳಿಯುವವರು ನಗರಕ್ಕೆ ವಾಸ್ತವ್ಯದ ತೆರಿಗೆ ಕಟ್ಟುತ್ತಾರೆ, ಆದ್ದರಿಂದ ಹಗಲಿನ ಶುಲ್ಕ ಅವರಿಗಿಲ್ಲ. ಆದರೂ ಶುಲ್ಕದ ದಿನಗಳಲ್ಲಿ ವಿನಾಯಿತಿಯ ಕ್ಯೂಆರ್ ಕೋಡ್ ಮೊದಲೇ ಪಡೆದಿರಬೇಕು. ಇದನ್ನು ಮರೆತು ದಂಡ ಕಟ್ಟಬೇಡಿ.

ಎಲ್ಲಿ ಉಳಿಯಬೇಕು ಎನ್ನುವುದು ಅಷ್ಟೇ ಮುಖ್ಯ. ಆ್ಯಪ್‌ನಲ್ಲಿ ಸಿಗುವ ಇಡೀ ಮನೆ ಬೇಡ. ಅದು ಯಾವುದೋ ಸಂಸಾರ ಇರಬಹುದಾಗಿದ್ದ ಮನೆ. ಮನೆಯವರೇ ನಡೆಸುವ ಸಣ್ಣ ಹೋಟೆಲ್, ಮನೆಯೊಡತಿ ಅದೇ ಸೂರಿನಡಿ ಇದ್ದು ಒಂದೆರಡು ಕೋಣೆ ಕೊಡುವ ಜಾಗ, ಕ್ರೈಸ್ತ ಮಠಗಳ ಅತಿಥಿ ಗೃಹ, ಇವನ್ನು ಹುಡುಕಿ. ಮಠಗಳು ಅಗ್ಗ, ಶುಚಿ, ಸದ್ದಿಲ್ಲ; ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಚೆನ್ನಾಗಿ ಒಪ್ಪುತ್ತವೆ. ಬಾಡಿಗೆ ಮನೆಯೇ ಬೇಕು ಎಂದಾದರೆ ಜಾಹೀರಾತಿನಲ್ಲಿ ಸಿಐಎನ್ ಎಂಬ ನೋಂದಣಿ ಸಂಖ್ಯೆ ಇದೆಯೇ ನೋಡಿ. 2025ರ ಜನವರಿಯಿಂದ ಇಟಲಿಯಲ್ಲಿ ಅದು ಕಡ್ಡಾಯ. ಸಂಖ್ಯೆ ಇಲ್ಲದ ಮನೆ ಎಂದರೆ ತೆರಿಗೆ ತಪ್ಪಿಸುವ ಮನೆ ಇರಬಹುದು, ದೂರ ಇಡಿ.

ಕನ್ನರೆಜಿಯೊ, ಕಸ್ತೆಲ್ಲೊ, ಜುದೆಕ್ಕಾ ಕಡೆ ಇನ್ನೂ ಊರಿನವರು ವಾಸವಿದ್ದಾರೆ. ದುಡ್ಡು ಸಾಲದಿದ್ದರೆ ನೀರಿನ ಆಚೆ ದಡದ ಮೆಸ್ತ್ರೆಯಲ್ಲಿ ಉಳಿಯಿರಿ. ಅದೂ ವೆನಿಸ್ ನಗರಾಡಳಿತಕ್ಕೇ ಸೇರಿದ್ದು. ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ಆದರೆ ಎಲ್ಲರೂ ಬರುವ ಹೊತ್ತಿಗೆ ಒಳಗೆ ಹೋಗಬೇಡಿ. ಬೆಳಿಗ್ಗೆ ಏಳಕ್ಕೆ ಹೋಗಿ, ಮಧ್ಯಾಹ್ನ ಬಂದು ಮಲಗಿ, ಸಂಜೆ ಮತ್ತೆ ಹೋಗಿ.

ಹೆಜ್ಜೆ 4: ರೈಲಿನಲ್ಲಿ ಬನ್ನಿ

ರೋಮ್‌ನಿಂದ ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಮಿಲಾನ್‌ನಿಂದ ಎರಡೂವರೆ, ಫ್ಲಾರೆನ್ಸ್‌ನಿಂದ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ. ವಿಯೆನ್ನಾದಿಂದ ರಾತ್ರಿ ರೈಲು ಇದೆ, ಮಲಗಿ ಎದ್ದರೆ ವೆನಿಸ್. ಟಿಕೆಟ್ ಬೇಗ ತೆಗೆದರೆ ಅಗ್ಗ. ಸಾಂತಾ ಲೂಚಿಯಾ ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ದೊಡ್ಡ ಕಾಲುವೆ. ಭಾರದ ಸೂಟ್‌ಕೇಸ್ ತರಬೇಡಿ. ಸೇತುವೆಗಳು 400ಕ್ಕೂ ಜಾಸ್ತಿ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ತಂದಿದ್ದರೆ ನಿಲ್ದಾಣದ ಲಗೇಜ್ ಕೋಣೆಯಲ್ಲಿ ಬಿಟ್ಟು ಬಟ್ಟೆಯ ಚೀಲ ಒಂದನ್ನು ಒಯ್ಯಿರಿ.

ಹೆಜ್ಜೆ 5: ಅಲೆ ಎಬ್ಬಿಸಬೇಡಿ

ವೆನಿಸ್ ಮನೆಗಳು ನಿಂತಿರುವುದು ಕೆಸರಿನಲ್ಲಿ ಹೂತ ಮರದ ಕಂಬಗಳ ಮೇಲೆ. ಗಾಳಿ ತಾಗದ ಕಾರಣ ಆ ಮರ ನೂರಾರು ವರ್ಷ ಕೊಳೆಯದೆ ಉಳಿದಿದೆ. ಕಂಬದ ಮೇಲೆ ಸಮುದ್ರದ ಆಚೆ ದಡದ ಇಸ್ಟ್ರಿಯಾದಿಂದ ತಂದ ಬಿಳಿ ಕಲ್ಲು. ಅದು ನೀರನ್ನು ಸುಲಭವಾಗಿ ಹೀರುವುದಿಲ್ಲ. ಅದರ ಮೇಲೆ ಇಟ್ಟಿಗೆ. ನೀರು ಕಲ್ಲಿನ ಮಟ್ಟದಲ್ಲಿ ಇರುವ ತನಕ ಮನೆಗೆ ತೊಂದರೆ ಇಲ್ಲ. ಮೋಟಾರ್ ದೋಣಿ ಜೋರಾಗಿ ಹೋದಾಗ ಏಳುವ ಅಲೆ ಕಲ್ಲು ದಾಟಿ ಇಟ್ಟಿಗೆಗೆ ಬಡಿಯುತ್ತದೆ. ಸಂದಿನ ಗಾರೆ ತೊಳೆದುಹೋಗುತ್ತದೆ. ಉಪ್ಪುನೀರು ಒಳಗೆ ಇಳಿದು, ಒಣಗಿ, ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಒಳಗಿನಿಂದಲೇ ಸೀಳುತ್ತದೆ. ಊರಿನವರು ಇದಕ್ಕೆ ‘ಮೋತೊ ಒಂದೋಸೊ’ ಎನ್ನುತ್ತಾರೆ. ಈ ಅಲೆಯ ಮೇಲೆ ಅವರಿಗೆ ತುಂಬ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದು.

ದೊಡ್ಡ ಕ್ರೂಸ್ ಹಡಗುಗಳ ವಿರುದ್ಧ ಅವರು ವರ್ಷಗಟ್ಟಲೆ ಹೋರಾಡಿದರು. 2019ರ ಜೂನ್‌ನಲ್ಲಿ ಅಂಥದೊಂದು ಹಡಗು ಜುದೆಕ್ಕಾ ಕಾಲುವೆಯ ದಡಕ್ಕೂ ಒಂದು ಪ್ರವಾಸಿ ದೋಣಿಗೂ ಗುದ್ದಿತು. ಕೊನೆಗೆ 2021ರ ಆಗಸ್ಟ್ 1ರಿಂದ 25,000 ಟನ್ ಮೀರಿದ ಹಡಗುಗಳು ಆ ಕಾಲುವೆಗೆ ಬರುವಂತಿಲ್ಲ ಎಂದು ಸರ್ಕಾರ ಆದೇಶಿಸಿತು. ಊರಿನವರ ಪಟ್ಟು ಗೆದ್ದ ಅಪರೂಪದ ಉದಾಹರಣೆ ಇದು.

ನೀವು ಮಾಡಬೇಕಾದ್ದು ಇಷ್ಟು. ನಾಲ್ಕು ಜನಕ್ಕೆ ವಾಟರ್ ಟ್ಯಾಕ್ಸಿ ಹಿಡಿಯಬೇಡಿ. ‘ವಪೊರೆತ್ತೊ’ ಎಂಬ ಸಾರ್ವಜನಿಕ ದೋಣಿ ಹತ್ತಿ. ಅದರಲ್ಲಿ ಬೆನ್ನಿನ ಚೀಲ ಕಳಚಿ ಕಾಲ ಬಳಿ ಇಡಿ, ಇಳಿಯುವವರಿಗೆ ಮೊದಲು ದಾರಿ ಬಿಡಿ. ಅದೇ ದೋಣಿಯಲ್ಲಿ ಆಸ್ಪತ್ರೆಗೆ ಹೊರಟವರು, ಶಾಲೆಗೆ ಹೊರಟವರು ಇರುತ್ತಾರೆ. ದೊಡ್ಡ ಕಾಲುವೆಯನ್ನು ಅಡ್ಡ ದಾಟಲು ‘ತ್ರಾಗೆತ್ತೊ’ ಇದೆ. ಇಬ್ಬರು ಹುಟ್ಟು ಹಾಕುವ ಸಾದಾ ಗೊಂಡೋಲ, ಒಂದೆರಡು ನಿಮಿಷದ ಪಯಣ, ಖರ್ಚು ಕಡಿಮೆ. ಗೊಂಡೋಲದಲ್ಲಿ ಸುತ್ತಬೇಕು ಎಂಬ ಆಸೆ ಇದ್ದರೆ ಖಂಡಿತ ಸುತ್ತಿ. ಅದಕ್ಕೆ ಎಂಜಿನ್ ಇಲ್ಲ, ಅಲೆ ಏಳುವುದಿಲ್ಲ. ಹಗಲಿನಲ್ಲಿ ಅರ್ಧ ಗಂಟೆಗೆ ನಗರ ಗೊತ್ತು ಮಾಡಿದ ದರ 90 ಯೂರೋ, ದೋಣಿಗೆ, ತಲೆಗಲ್ಲ. ಹತ್ತುವ ಮೊದಲೇ ದರ ಖಚಿತ ಮಾಡಿಕೊಳ್ಳಿ.

ಹೆಜ್ಜೆ 6: ಗಲ್ಲಿಯಲ್ಲಿ ನಡೆಯುವ ರೀತಿ

ಬಲಕ್ಕೆ ಸರಿದು ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಸೇತುವೆಯ ಮೇಲೆ ನಿಂತು ಇಡೀ ಬಳಗದ ಫೋಟೊ ತೆಗೆಯಬೇಡಿ. ಸಾನ್ ಮಾರ್ಕೊದಲ್ಲಿ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದರೆ ದಂಡ. ಪಾರಿವಾಳಕ್ಕೆ ಕಾಳು ಹಾಕಿದರೂ ದಂಡ. 2024ರಿಂದ ಗೈಡ್ ಜೊತೆಗಿನ ಗುಂಪಿನಲ್ಲಿ 25ಕ್ಕಿಂತ ಹೆಚ್ಚು ಜನ ಇರುವಂತಿಲ್ಲ, ಧ್ವನಿವರ್ಧಕ ನಿಷಿದ್ಧ. ನಲವತ್ತು ಜನರ ಬಸ್ಸಿನಲ್ಲಿ ಹೋಗುವವರು ಇದನ್ನು ಟೂರ್ ಕಂಪನಿಯವರಿಗೆ ಬುಕ್ ಮಾಡುವಾಗಲೇ ಕೇಳಿ: ನಮ್ಮನ್ನು ಎರಡು ಗುಂಪು ಮಾಡುತ್ತೀರಾ? ರಾತ್ರಿ ಎಲ್ಲಿ ಉಳಿಸುತ್ತೀರಿ? ಗಿರಾಕಿಗಳು ಕೇಳಿದರೆ ಕಂಪನಿಗಳು ಬದಲಾಗುತ್ತವೆ.

ಹೆಜ್ಜೆ 7: ನೀರು, ಊಟ

ಮನೆಯಿಂದ ಸ್ಟೀಲ್ ಬಾಟಲಿ ತನ್ನಿ. ಊರಿನ ಬಯಲುಗಳಲ್ಲಿ ಕುಡಿಯುವ ನೀರಿನ ನಲ್ಲಿಗಳು ನೂರಕ್ಕೂ ಜಾಸ್ತಿ ಇವೆ, ನೀರು ಚೆನ್ನಾಗಿದೆ.

ಸಸ್ಯಾಹಾರಿಗಳು ಭಾರತೀಯ ಹೋಟೆಲನ್ನೇ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಬೆಳಿಗ್ಗೆ ರಿಯಾಲ್ಟೊ ಸಂತೆಗೆ ಹೋಗಿ. ಹಣ್ಣು, ಟೊಮೆಟೊ ಕೊಳ್ಳಿ. ವೆನಿಸ್‌ನ ಕೈತೋಟ ಎನಿಸಿಕೊಂಡ ಸಾಂತೆರಾಸ್ಮೊ ದ್ವೀಪದಲ್ಲಿ ಬೆಳೆದ ತರಕಾರಿಯನ್ನು ಕೇಳಿ ಪಡೆಯಿರಿ. ವಸಂತದಲ್ಲಿ ಅಲ್ಲಿನ ಎಳೆ ಆರ್ಟಿಚೋಕ್ ಎಂಬ ಹೂಮೊಗ್ಗಿನ ತರಕಾರಿ ಹೆಸರುವಾಸಿ. ‘ಬಾಕರೊ’ ಎಂಬ ಸಣ್ಣ ಅಂಗಡಿಗಳಲ್ಲಿ ‘ಚಿಕೆತ್ತಿ’ ಎಂಬ ಕುರುಕಲು ಸಿಗುತ್ತದೆ: ಬ್ರೆಡ್ ಮೇಲೆ ಚೀಸ್, ಬೇಯಿಸಿದ ತರಕಾರಿ, ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ. ಮೀನು, ಮಾಂಸ ಇದೆಯಾ ಎಂದು ಮೊದಲೇ ಕೇಳಿ. ಅಕ್ಕಿ, ಹಸಿ ಬಟಾಣಿ ಹಾಕಿ ಮಾಡುವ ‘ರೀಸಿ ಎ ಬೀಸಿ’ ನಮ್ಮವರಿಗೆ ಇಷ್ಟವಾಗುತ್ತದೆ, ಆದರೆ ಹಂದಿ ಮಾಂಸ ಬೇಡ ಎಂದು ಹೇಳಬೇಕು.

ಹೆಜ್ಜೆ 8: ಕೊಳ್ಳುವುದಾದರೆ ಕಡಿಮೆ ಕೊಳ್ಳಿ

ಎರಡು ಯೂರೋ ಗಾಜಿನ ಮೀನು ಮುರಾನೊದಲ್ಲಿ ಮಾಡಿದ್ದಲ್ಲ. ಎಲ್ಲಿಂದಲೋ ಹಡಗಿನಲ್ಲಿ ಬಂದದ್ದು. 1291ರಲ್ಲಿ ಬೆಂಕಿಯ ಭಯಕ್ಕೆ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಕಳಿಸಿದರು. ಅಂದಿನಿಂದ ಆ ಕಸುಬು ಅಲ್ಲಿ ಉಳಿದಿದೆ. ಕೊಳ್ಳುವಾಗ ‘ವೇತ್ರೊ ಆರ್ತಿಸ್ತಿಕೊ ಮುರಾನೊ’ ಎಂಬ ಗುರುತಿನ ಚೀಟಿ ಅಂಟಿಸಿದೆಯೇ ನೋಡಿ. ನೆಂಟರಿಗೆ ಅಂತ ಹತ್ತು ಸುಳ್ಳು ಮೀನು ತರುವ ದುಡ್ಡಿಗೆ ಒಂದು ನಿಜವಾದ ಸಣ್ಣ ಲೋಟ ಬರುತ್ತದೆ. ನಾನು ತಂದ ಲೋಟದ ಅಂಚು ಸ್ವಲ್ಪ ಸೊಟ್ಟಗಿದೆ. ಅಂಗಡಿಯ ಹಿಂದಿನ ಕುಲುಮೆಯಲ್ಲೇ ಊದಿದ್ದು. ಕೊಳ್ಳುವಾಗ ಹಳೆ ಪತ್ರಿಕೆಯಲ್ಲಿ ನಾಲ್ಕು ಸುತ್ತು ಸುತ್ತಿಕೊಟ್ಟರು. ನೀವೂ ಹಾಗೇ ಸುತ್ತಿಸಿಕೊಂಡು ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕಬೇಡಿ.