ಹಳೇ ಟ್ರ್ಯಾಕ್ಟರಿಗೆ ಹೊಸ ರಿಂಗು: ಮೊದಲ 50 ಗಂಟೆ ಹೀಗಿರಲಿ

ನಮ್ಮ ಮನೆಯ ಎಚ್‌ಎಂಟಿ 2511 ಟ್ರ್ಯಾಕ್ಟರು ವಯಸ್ಸಿನಲ್ಲಿ ನನಗಿಂತ ದೊಡ್ಡದು. ಎರಡೇ ಸಿಲಿಂಡರು, 25 ಅಶ್ವಶಕ್ತಿ. ಚೆಕ್ ಕಂಪನಿ ಝೆಟರ್‌ನ ತಂತ್ರಜ್ಞಾನದಲ್ಲಿ ಹರಿಯಾಣದ ಪಿಂಜೋರ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ತುಮಕೂರಿನಲ್ಲಿ ಕೈಗಡಿಯಾರ ಮಾಡುತ್ತಿದ್ದ ಅದೇ ಎಚ್‌ಎಂಟಿಯ ಕೂಸು. ಕೆಲವು ವರ್ಷಗಳ ಹಿಂದೆ ಅದರ ಇಂಜಿನ್ ಬಿಚ್ಚಿಸಿ ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್, ಅದರ ಸುತ್ತ ಕೂರುವ ರಿಂಗು, ಬೇರಿಂಗು ಎಲ್ಲ ಹೊಸದು ಹಾಕಿಸಿದೆವು. ಕೊಡುವಾಗ ಮೇಸ್ತ್ರಿ ಒಂದು ಮಾತು ಹೇಳಿದರು: ‘ಎರಡು ದಿನ ಅಂಗಳದಲ್ಲೇ ಸ್ಲೋನಲ್ಲಿ ಓಡಕ್ಕೆ ಬಿಡಿ ಗೌಡ್ರೇ, ರಿಂಗು ತಾನಾಗೇ ಕೂತ್ಕೊಳ್ತವೆ.’ ಅಪ್ಪ ಹಾಗೇ ಮಾಡಿದರು. ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡರು. ತಿಂಗಳೊಳಗೆ ಸೈಲೆನ್ಸರಿನಲ್ಲಿ ನೀಲಿ ಹೊಗೆ, ಎರಡು ದಿನಕ್ಕೊಮ್ಮೆ ಆಯಿಲ್ ಸುರಿಯುವ ಕೆಲಸ. ಮತ್ತೆ ಬಿಚ್ಚಿದಾಗ ಲೈನರು ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು.

ಕೆಟ್ಟದ್ದೇ ಆ ಹೊಳಪಿನಿಂದ. ಹೊಸ ಲೈನರಿನ ಒಳಗೋಡೆ ನುಣ್ಣಗಿರುವುದಿಲ್ಲ. ಹೋನಿಂಗ್ ಮಾಡಿದಾಗ, ಅಂದರೆ ಸಾಣೆಕಲ್ಲಿನಲ್ಲಿ ಉಜ್ಜಿದಾಗ, ಅಡ್ಡಡ್ಡ ಓರೆಗೆರೆಗಳು ಬಿದ್ದಿರುತ್ತವೆ. ಆ ಗೆರೆಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಉಬ್ಬನ್ನು ರಿಂಗು ಸವೆಸಿ ತನಗೆ ಬೇಕಾದ ಹಾಗೆ ಹೊಂದಿಸಿಕೊಳ್ಳುತ್ತದೆ. ರಿಂಗಿಗೆ ಇರುವ ಸ್ಪ್ರಿಂಗಿನ ಬಲ ಈ ಕೆಲಸಕ್ಕೆ ಸಾಲದು. ಡೀಸೆಲ್ ಉರಿದಾಗ ಹುಟ್ಟುವ ಗ್ಯಾಸು ರಿಂಗಿನ ಹಿಂದಕ್ಕೆ ನುಗ್ಗಿ ಅದನ್ನು ಗೋಡೆಗೆ ಒತ್ತಬೇಕು. ಇಂಜಿನ್ನಿಗೆ ಭಾರ ಬಿದ್ದರೆ ಮಾತ್ರ ಆ ಒತ್ತಡ. ಸ್ಲೋನಲ್ಲಿ ಗಂಟೆಗಟ್ಟಲೆ ಓಡಿಸಿದರೆ ರಿಂಗು ಸಡಿಲವಾಗಿ ಜಾರುತ್ತದೆ, ಆಯಿಲ್ ಮೇಲೆ ಹತ್ತಿ ಅರೆಬೆಂದು ಗೋಡೆಗೆ ವಾರ್ನಿಷ್ ಹಾಗೆ ಮೆತ್ತಿಕೊಳ್ಳುತ್ತದೆ. ಗೆರೆಗಳು ಮುಚ್ಚಿಹೋದ ಮೇಲೆ ರಿಂಗಿಗೆ ಸವೆಸಿಕೊಳ್ಳಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಇಂಜಿನ್ ಕಟ್ಟಿಸಿ ಮನೆಗೆ ತಂದವರು ಮೊದಲು ಮಾಡಬೇಕಾದದ್ದು, ಅದಕ್ಕೊಂದು ಕೆಲಸ ಹುಡುಕಿಡುವುದು. ಹೊಲ ಹದವಾಗಿಲ್ಲ, ಸಾಗಿಸುವುದಕ್ಕೂ ಏನಿಲ್ಲ ಎನ್ನುವಂತಿದ್ದರೆ ಸ್ಟಾರ್ಟೇ ಮಾಡಬೇಡಿ. ವಾರ ನಿಂತರೂ ಪರವಾಗಿಲ್ಲ.

ಸ್ಟಾರ್ಟ್ ಮಾಡುವ ಮುನ್ನ

ಆಯಿಲ್ ಫಿಲ್ಟರನ್ನು ಖಾಲಿ ಕೂರಿಸದೆ ಆದಷ್ಟು ಆಯಿಲ್ ತುಂಬಿ ಹಾಕಿ. ಇಂಜಿನ್ನಿನ ಅಡಿಯ ಚೇಂಬರಿಗೆ ಆಯಿಲ್ ಹಾಕಿ ಕಡ್ಡಿಯಲ್ಲಿ ಮೇಲಿನ ಗುರುತಿನವರೆಗೆ ನೋಡಿಕೊಳ್ಳಿ. ಆಮೇಲೆ ಡೀಸೆಲ್ ಬಂದ್ ಮಾಡುವ ಗುಬ್ಬಿಯನ್ನು ಎಳೆದು ಹಿಡಿದು ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಹೊಡೆದು ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟಾರು ಕಾಯುತ್ತದೆ. ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಮೇಲೇಳುವವರೆಗೆ ಹೀಗೇ ಮಾಡಬೇಕು. ಹೊಸ ಬೇರಿಂಗಿಗೆ ಆಯಿಲ್ ತಲುಪುವ ಮೊದಲೇ ಇಂಜಿನ್ ಉರಿದರೆ ಅಷ್ಟೂ ಖರ್ಚು ಅರ್ಧ ನಿಮಿಷದಲ್ಲಿ ಹೋಗಬಹುದು.

ನೀರಿನ ವಿಚಾರದಲ್ಲಿ ನಮ್ಮ ಕಡೆಯವರು ಸ್ವಲ್ಪ ಹೆಚ್ಚು ಎಚ್ಚರವಾಗಿರಬೇಕು. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ಹಂಡೆಯಲ್ಲಿ ಎಂಥ ಬಿಳಿ ಪದರ ಕಟ್ಟುತ್ತದೆಂದು ಯಾರಿಗೂ ಹೇಳಬೇಕಾಗಿಲ್ಲ. ಅದೇ ಪದರ ಲೈನರಿನ ಸುತ್ತಲೂ ಕಟ್ಟುತ್ತದೆ, ಶಾಖ ಹೊರಗೆ ಹೋಗುವುದಿಲ್ಲ. ಫಿಲ್ಟರ್ ಘಟಕದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಕೂಲಂಟ್ ಜೊತೆ ಬೆರೆಸಿ ರೇಡಿಯೇಟರಿಗೆ ಹಾಕಿ. ‘ನಮ್ಮ ಸೆಕೆಗೆ ಯಾಕೆ ಬೇಕು’ ಎಂದು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಬಾಗಿಲು) ಕಿತ್ತು ಬಿಸಾಡುವ ಚಾಳಿ ಅನೇಕ ಗ್ಯಾರೇಜುಗಳಲ್ಲಿದೆ. ಅದನ್ನು ಹಾಕಿಸಿಕೊಳ್ಳಿ. ತಣ್ಣಗೆ ಓಡುವ ಇಂಜಿನ್ನಿನಲ್ಲೂ ರಿಂಗು ಸರಿಯಾಗಿ ಕೂರುವುದಿಲ್ಲ.

ಇನ್ನು ಏರ್ ಕ್ಲೀನರ್. ಹಳೇ ಟ್ರ್ಯಾಕ್ಟರುಗಳಲ್ಲಿ ಆಯಿಲ್ ತುಂಬಿದ ಬಟ್ಟಲಿನ ಮಾದರಿ ಇರುತ್ತದೆ. ಅದನ್ನು ಡೀಸೆಲ್ಲಿನಲ್ಲಿ ತೊಳೆದು ಗುರುತಿನವರೆಗೆ ಇಂಜಿನ್ ಆಯಿಲನ್ನೇ ಹಾಕಿ, ರಬ್ಬರ್ ಪೈಪಿನ ಕ್ಲಿಪ್ಪು ಬಿಗಿ ಮಾಡಿ. ಕೆಮ್ಮಣ್ಣಿನ ಧೂಳು ಒಳಗೆ ಹೋದರೆ ಹೊಸ ರಿಂಗು ಉಪ್ಪುಕಾಗದ ತಿಕ್ಕಿದ ಹಾಗೆ ಸವೆಯುತ್ತದೆ.

ಯಾವ ಆಯಿಲ್?

ಅಂಗಡಿಯವನನ್ನು ಕೇಳಿದರೆ ಲಾಭ ಜಾಸ್ತಿ ಇರುವ ಡಬ್ಬ ಕೊಡುತ್ತಾನೆ. ಡಬ್ಬದ ಮೇಲೆ ಎರಡು ಸಂಗತಿ ನೋಡಿಕೊಂಡರೆ ಸಾಕು.

ಒಂದು, ಮಂದ. 15ಡಬ್ಲ್ಯು-40 ಎಂದು ಬರೆದಿದ್ದರೆ 40 ಎನ್ನುವುದು ಇಂಜಿನ್ ಬಿಸಿಯಾದಾಗಿನ ಮಂದ. ‘ಡಬ್ಲ್ಯು’ ಜೊತೆಗಿನ ಅಂಕಿ ಚಳಿಯಲ್ಲಿನ ನಡವಳಿಕೆ. 15ಡಬ್ಲ್ಯು, 20ಡಬ್ಲ್ಯು ಎರಡನ್ನೂ ಪರೀಕ್ಷಿಸುವುದು ಸೊನ್ನೆಗಿಂತ ಕೆಳಗಿನ ತಾಪಮಾನದಲ್ಲಿ. ನಂದಿಬೆಟ್ಟದ ತಪ್ಪಲಿನಲ್ಲೂ ಅಂಥ ಚಳಿ ಇಲ್ಲ. ಹಾಗಾಗಿ 15ಡಬ್ಲ್ಯು-40 ಸಿಗದಿದ್ದರೆ 20ಡಬ್ಲ್ಯು-40 ಹಾಕಿದರೂ ನಡೆಯುತ್ತದೆ. ಆ ಕಾಲದ ಎಷ್ಟೋ ಕೈಪಿಡಿಗಳಲ್ಲಿ ಎಸ್‌ಎಇ 30 ಎಂಬ ಒಂದೇ ಅಂಕಿಯ ಆಯಿಲ್ ಬರೆದಿರುತ್ತದೆ. ಈಗಿನ 15ಡಬ್ಲ್ಯು-40 ಅದರ ಕೆಲಸ ಮಾಡುತ್ತದೆ.

ಎರಡು, ದರ್ಜೆ. ‘ಎಪಿಐ’ (ದರ್ಜೆ ಕೊಡುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಂಬುದರ ಮುಂದೆ ‘ಸಿ’ ಎಂದು ಶುರುವಾಗುವುದು ಡೀಸೆಲ್ಲಿನದು, ‘ಎಸ್’ ಎಂದು ಶುರುವಾಗುವುದು ಪೆಟ್ರೋಲಿನದು. ‘ಸಿ’ ನಂತರದ ಅಕ್ಷರ ಮುಂದೆ ಹೋದಷ್ಟೂ ದರ್ಜೆ ಹೊಸದು: ಸಿಡಿ 1955ರದ್ದು, ಸಿಐ-4 ಬಂದದ್ದು 2002ರಲ್ಲಿ. ನಮ್ಮ ಹಳೇ ಇಂಜಿನ್ನಿಗೆ ಸಿಎಫ್-4 ಅಥವಾ ಸಿಐ-4, ಮಿನರಲ್ ಆಯಿಲ್, ಸಾಕು. ಬಿಎಸ್-6 ಗಾಡಿಗಳಿಗೆ ಮಾಡಿದ ದುಬಾರಿ ಆಯಿಲ್ ಬೇಡ, ಅದರ ಗುಣ ಹೊಗೆ ಸೋಸುವ ಸಲಕರಣೆ ಇರುವ ಗಾಡಿಗೆ. ಕಾರಿನ ಪೆಟ್ರೋಲ್ ಆಯಿಲ್ ಹಾಕಲೇಬೇಡಿ. ಈಗಿನವುಗಳಲ್ಲಿ ವಾಲ್ವು ತೆರೆಸುವ ಕ್ಯಾಮ್ ಮತ್ತು ಟ್ಯಾಪೆಟ್ ಸವೆಯದಂತೆ ಕಾಯುವ ಸತುವಿನ ಅಂಶ ಕಡಿಮೆ ಮಾಡಿದ್ದಾರೆ. ಸಿಂಥೆಟಿಕ್ ಬೇಕೆನಿಸಿದರೆ ರಿಂಗು ಕೂತ ಮೇಲೆ ನೋಡೋಣ. ‘ಇಂಜಿನ್ ಪವರ್ ಹೆಚ್ಚಿಸುವ’ ಸಣ್ಣ ಬಾಟಲಿಗಳ ದುಡ್ಡಲ್ಲಿ ಮಕ್ಕಳಿಗೆ ಏನಾದರೂ ತನ್ನಿ.

ಗೇರು ಬಾಕ್ಸು, ಹೈಡ್ರಾಲಿಕ್ಕಿನ ಆಯಿಲ್ ಬೇರೆ, ಇದು ಬೇರೆ. ಮಿಕ್ಕಿದ್ದನ್ನು ಅಲ್ಲಿಂದ ಇಲ್ಲಿಗೆ ಸುರಿಯುವುದು ಬೇಡ.

ಮೊದಲ ದಿನ

ಸ್ಟಾರ್ಟ್ ಆದ ಕೂಡಲೇ ಪ್ರೆಶರ್ ನೋಡಿ. ಕೆಲವೇ ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ಆಫ್ ಮಾಡಿ. ಎದ್ದರೆ ರೇಸನ್ನು ಸ್ವಲ್ಪ ಏರಿಸಿ 1000-1200 ಸುತ್ತಿನಲ್ಲಿ ಇಟ್ಟು ಎಲ್ಲಿ ಸೋರುತ್ತಿದೆ, ಎಲ್ಲಿ ಬೇರೆ ಸದ್ದು ಎಂದು ಹುಡುಕಿ. ಮುಟ್ಟಿದರೆ ರೇಡಿಯೇಟರ್ ಬಿಸಿ ಎನ್ನುವಷ್ಟಾದರೆ ಸಾಕು, ಹತ್ತು ಹದಿನೈದು ನಿಮಿಷ. ಇಲ್ಲಿಂದ ಮುಂದೆ ನಿಲ್ಲಿಸಿ ಓಡಿಸಬೇಡಿ. ಟ್ರೈಲರ್ ಕಟ್ಟಿ.

ನಾವು ಎರಡನೇ ಸಲ ಮಾಡಿದ್ದು ಹೀಗೆ: ಅರ್ಧ ಟ್ರೈಲರ್ ತಿಪ್ಪೆಗೊಬ್ಬರ ತುಂಬಿ ಚಿಂತಾಮಣಿ ಕಡೆಯ ಏರಿಳಿತದ ರಸ್ತೆಯಲ್ಲಿ ಹೋಗಿಬಂದೆವು. ಏರಿನಲ್ಲಿ ಇಂಜಿನ್ ಎಳೆಯುತ್ತದೆ, ರಿಂಗು ಗೋಡೆಗೆ ಒತ್ತುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲೇ ರೇಸ್ ಬಿಟ್ಟರೆ ತುಸು ಸುಧಾರಿಸಿಕೊಳ್ಳುತ್ತದೆ. ಈ ಏರಿಳಿತವೇ ಬೇಕಾದದ್ದು. ನೀರಿನ ಟ್ಯಾಂಕರ್ ಇದೆಯಲ್ಲ, ಅರ್ಧ ತುಂಬಿಸಿಕೊಂಡು ಹೋಗೋಣ ಎಂದು ನಮ್ಮ ಭಾವ ಹೇಳಿದ್ದರು. ಅದು ಬೇಡ. ಅರ್ಧ ಟ್ಯಾಂಕರಿನಲ್ಲಿ ನೀರು ತುಳುಕಿ ತಿರುವಿನಲ್ಲಿ ಗಾಡಿಯನ್ನೇ ಎಳೆದುಬಿಡುತ್ತದೆ.

ಸಂಜೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಕೈಪಿಡಿಯ ಕ್ರಮದಲ್ಲೇ ಮತ್ತೆ ಬಿಗಿ ಮಾಡಿಸಿ, ಆಮೇಲೆ ಟ್ಯಾಪೆಟ್ ಸಂದು ಹೊಂದಿಸಿ. ಉದಾಹರಣೆಗೆ ಮ್ಯಾಸಿ ಫರ್ಗ್ಯುಸನ್ 35 ಟ್ರ್ಯಾಕ್ಟರಿನ ಮೂರು ಸಿಲಿಂಡರಿನ ಪರ್ಕಿನ್ಸ್ ಇಂಜಿನ್ನಿಗೆ ತಣ್ಣಗಿದ್ದಾಗ 0.30 ಮಿ.ಮೀ., ಬಿಸಿಯಲ್ಲಿ 0.25 ಮಿ.ಮೀ. ಬೇರೆ ಗಾಡಿಗೆ ಬೇರೆ ಅಳತೆ.

50 ಗಂಟೆಯವರೆಗೆ

ಹೂಡಿದ ಭೂಮಿಯಲ್ಲಿ ಕಲ್ಟಿವೇಟರ್, ಕೆರೆ ಗೋಡು ಸಾಗಣೆ, ಗೊಬ್ಬರ, ಹುಲ್ಲು: ಎಲ್ಲ ಸರಿ. ಅರ್ಧದಿಂದ ಮುಕ್ಕಾಲು ಭಾರ. ಒಣಗಿದ ಗಟ್ಟಿ ನೆಲಕ್ಕೆ ನೇಗಿಲು, ರೋಟವೇಟರ್ ಬೇಡ. ದೊಡ್ಡ ಗೇರಿನಲ್ಲಿ ಇಂಜಿನ್ ಗುದುಗುದು ಎಂದು ಒದ್ದಾಡಿದರೆ ಗೇರ್ ಇಳಿಸಿ. ದಿನವಿಡೀ ಒಂದೇ ರೇಸಿನಲ್ಲಿ ಪಂಪು ಓಡಿಸುವ ಕೆಲಸವನ್ನೂ ಮುಂದಕ್ಕೆ ಹಾಕಿ.

ಹಳೇ ಗಾಡಿಯ ಗಂಟೆ ಮೀಟರು ಕೆಲಸ ಮಾಡುವುದು ಅಪರೂಪ. ಹಾಲಿನ ಡೇರಿಯ ಲೆಕ್ಕದ ಪುಸ್ತಕದ ಹಿಂದೆ ನಾವು ದಿನದ ಗಂಟೆಯನ್ನೂ ಹಾಕಿದ ಆಯಿಲನ್ನೂ ಬರೆಯುತ್ತಿದ್ದೆವು. 25 ಗಂಟೆಗೆ ಮೊದಲ ಆಯಿಲ್, ಫಿಲ್ಟರ್ ಬದಲಿ. ಇಂಜಿನ್ ಬಿಸಿ ಇರುವಾಗಲೇ ಇಳಿಸಿ. ಇಳಿದ ಆಯಿಲನ್ನು ಬಿಳಿ ಪಂಚೆ ತುಂಡಿನಲ್ಲಿ ಸೋಸಿ ಬಿಸಿಲಿಗೆ ಹಿಡಿಯಿರಿ. ಬೂದಿಯಂಥ ಸಣ್ಣ ಮಿನುಗು ಇದ್ದರೆ ಹೆದರಬೇಡಿ, ರಿಂಗಿನ ಕೆಲಸ ನಡೆಯುತ್ತಿದೆ. ತಾಮ್ರದ ಬಣ್ಣದ ಚೂರು ಅಥವಾ ಉಗುರಿಗೆ ಸಿಗುವ ಹಕ್ಕಳೆ ಕಂಡರೆ ಬೇರಿಂಗಿನದು, ಗ್ಯಾರೇಜಿಗೆ ಎಳೆದುಕೊಂಡು ಹೋಗಿ. ಮಜ್ಜಿಗೆ ಬಣ್ಣ ಕಂಡರೆ ನೀರು ಇಳಿಯುತ್ತಿದೆ. ಮುಂದಿನ ಬದಲಿ 50 ಗಂಟೆಗೆ, ಆಮೇಲೆ ಕೈಪಿಡಿಯ ಲೆಕ್ಕ.

ರಿಂಗು ಕೂತದ್ದು ಪುಸ್ತಕದಲ್ಲೇ ಗೊತ್ತಾಗುತ್ತದೆ, ಆಯಿಲ್ ಹಾಕಿದ ಸಾಲುಗಳು ವಿರಳವಾಗುತ್ತವೆ. ಇಂಜಿನ್ ಒಳಗಿನ ಗ್ಯಾಸು ಹೊರಬಿಡುವ ಬ್ರೀದರ್ ಪೈಪಿನ ಹೊಗೆ ಕಡಿಮೆಯಾಗುತ್ತದೆ. ನಮ್ಮದರಲ್ಲಿ 40 ಗಂಟೆಗೇ ಹಾಗಾಯಿತು. 60-70 ಗಂಟೆಯಾದರೂ ನೀಲಿ ಹೊಗೆ ನಿಲ್ಲದಿದ್ದರೆ ಒಂದೆರಡು ದಿನ ಪೂರ್ತಿ ಟ್ರೈಲರ್ ಕಟ್ಟಿ ಏರಿನಲ್ಲಿ ಚೆನ್ನಾಗಿ ಎಳೆಸಿ ನೋಡಿ, ಕೆಲವು ಇಂಜಿನ್ ಅಲ್ಲೇ ದಾರಿಗೆ ಬರುತ್ತವೆ. ಬರದಿದ್ದರೆ ಹೆಡ್ ಇಳಿಸಿ, ಲೈನರಿಗೆ ಮತ್ತೆ ಹೋನಿಂಗ್ ಮಾಡಿಸಿ, ಹೊಸ ರಿಂಗು ಹಾಕಿಸುವುದೇ. ಪಿಸ್ಟನ್ನೂ ಹೊಸದು ಬೇಕೆಂದು ಗ್ಯಾರೇಜಿನವರು ಹೇಳಿದರೆ ಮೊದಲು ಅಳತೆ ತೆಗೆದು ತೋರಿಸಲು ಕೇಳಿ. ನಮಗೆ ಬೇಕಾಗಿರಲಿಲ್ಲ.